ಹಳೆ ಚೈನ್‌ಸಾ ಕೈಗೆ ಬಂದಿದೆಯಾ? ಹಗ್ಗ ಎಳೆಯುವ ಮುಂಚೆ ಇಷ್ಟು ನೋಡಿ

ನಾನು ಕೊಂಡ ಮೊದಲ ಹಳೆ ಚೈನ್‌ಸಾ ಸರಿಯಾಗಿ ಹತ್ತು ನಿಮಿಷ ಓಡಿತು. ಹೊಸ ಪ್ಲಗ್ ಹಾಕಿದೆ, ಹೊಸ ಪೆಟ್ರೋಲ್ ತುಂಬಿದೆ, ನಾಲ್ಕನೇ ಎಳೆತಕ್ಕೇ ಸ್ಟಾರ್ಟ್ ಆಯಿತು. ಖುಷಿಯಲ್ಲಿ ನೇರ ದಿಮ್ಮಿಗೆ ಹಚ್ಚಿದೆ. ಸದ್ದು ನಿಧಾನಕ್ಕೆ ಸಣ್ಣಗಾಗುತ್ತಾ, ಏರುತ್ತಾ ಹೋಯಿತು. ‘ಪರವಾಗಿಲ್ಲ, ಬಿಸಿಯಾದ ಮೇಲೆ ಚೆನ್ನಾಗಿ ಸ್ಪೀಡ್ ತಗೊಳ್ತಿದೆ’ ಅಂದುಕೊಂಡೆ. ಆಮೇಲೆ ಕಿರ್ ಅಂತ ಒಂದು ಸದ್ದು, ಅಷ್ಟೇ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು.

ಬಿಚ್ಚಿ ನೋಡಿದರೆ ಕ್ಲಚ್ ಕಡೆಯ ಆಯಿಲ್ ಸೀಲ್ (ಇಂಜಿನ್ ದಂಡದ ಸುತ್ತ ಸಂದು ಮುಚ್ಚುವ ರಬ್ಬರ್ ಬಳೆ) ಒಣಗಿ ಗಟ್ಟಿಯಾಗಿತ್ತು. ಅಲ್ಲಿಂದ ಗಾಳಿ ಒಳಗೆ ನುಗ್ಗಿ, ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ ಆಗಿ, ಇಂಜಿನ್ ಸುಟ್ಟಿತ್ತು. ಹಿಂದಿನವರು ಅದನ್ನು ಮೂಲೆಗೆ ಹಾಕಿದ್ದೂ ಇದೇ ಕಾರಣಕ್ಕೆ ಇರಬೇಕು. ಹಳೆ ಗರಗಸವನ್ನು ಓಡಿಸುವುದು ಅಂಥ ಕಷ್ಟವೇನಲ್ಲ. ಅದು ಯಾಕೆ ನಿಂತಿತ್ತು ಅಂತ ಕಂಡುಹಿಡಿಯುವುದೇ ಅಸಲಿ ಕೆಲಸ. ಕೆಳಗಿನ ಹಂತಗಳೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ಇವೆ.

ಯಾವುದನ್ನು ಕೊಳ್ಳುವುದು?

ಎಲ್ಲಕ್ಕಿಂತ ಹಳೆಯದೇ ಬೇಕು ಅಂತ ಹೊಸಬರು ಹೊರಡುತ್ತಾರೆ. ಆಸೆ ತಪ್ಪಲ್ಲ. ಆದರೆ 1927ರ ಮೊದಲ ಡೋಲ್ಮಾರ್ ಯಂತ್ರ 58 ಕಿಲೋ ತೂಗುತ್ತಿತ್ತು, ಹಿಡಿಯಲು ಇಬ್ಬರು ಬೇಕಿತ್ತು. ಒಬ್ಬರೇ ಎತ್ತಿ ಕುಯ್ಯಬಹುದಾದ ಪೆಟ್ರೋಲ್ ಗರಗಸಗಳು ಮಾರುಕಟ್ಟೆ ತುಂಬಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಮೆಕ್ಯುಲಕ್ ಕಂಪನಿಯ 3-25 ಬಂದದ್ದು 1949ರಲ್ಲಿ, ತೂಕ 25 ಪೌಂಡ್. ಮರುವರ್ಷ ಸ್ಟಿಲ್ ಬಿಎಲ್ ಬಂತು, 16 ಕಿಲೋ. 1954ರಲ್ಲಿ ಯೋನ್ಸೆರೆಡ್ಸ್‌ನ ರಾಕೆಟ್, 1959ರಲ್ಲಿ ಸ್ಟಿಲ್ ಕಾಂಟ್ರಾ ಮತ್ತು ಹುಸ್ಕ್ವಾರ್ನಾದ ಮೊದಲ ಚೈನ್‌ಸಾ ಆದ ಮಾಡೆಲ್ 90. 1960ರ ದಶಕದಲ್ಲಿ ಹೋಮ್‌ಲೈಟ್ ಎಕ್ಸ್‌ಎಲ್-12 ಬಂದಾಗ ಇಂಜಿನ್ ತೂಕ ಸುಮಾರು 12 ಪೌಂಡಿಗೆ ಇಳಿದಿತ್ತು.

ಮೊದಲ ಸಲಕ್ಕೆ 1960-70ರ ದಶಕದ, ತುಂಬಾ ಸಂಖ್ಯೆಯಲ್ಲಿ ಮಾರಾಟವಾದ ಮಾಡೆಲ್ ಹುಡುಕಿ. ಜಾಸ್ತಿ ಮಾರಾಟವಾಗಿದ್ದರೆ ಗುಜರಿಯಲ್ಲೂ ಜಾಸ್ತಿ ಸಿಗುತ್ತದೆ, ಬಿಡಿಭಾಗಕ್ಕೆ ಪರದಾಡಬೇಕಿಲ್ಲ. ಸಾಧ್ಯವಾದರೆ ಒಂದೇ ಮಾಡೆಲ್‌ನ ಎರಡು ತಗೊಳ್ಳಿ. ಒಂದು ಓಡಲಿಕ್ಕೆ, ಇನ್ನೊಂದು ಅದಕ್ಕೆ ಅಂಗಾಂಗ ಕೊಡಲಿಕ್ಕೆ.

ಹೊಸ ಪೇಂಟ್ ಹೊಡೆದು ಮಿರಮಿರ ಮಿಂಚುವುದನ್ನು ಕಂಡರೆ ನನಗೆ ಮೊದಲು ಅನುಮಾನವೇ ಬರುವುದು. ಮೇಲೆ ಥಳುಕು, ಒಳಗೆ ಹುಳುಕು ಆಗಿರುವುದೇ ಹೆಚ್ಚು. ಧೂಳು, ಎಣ್ಣೆ, ಮರದ ಹೊಟ್ಟು ಮೆತ್ತಿಕೊಂಡಿರುವುದೇ ವಾಸಿ. ಆ ಕೊಳೆ ಸುಳ್ಳು ಹೇಳುವುದಿಲ್ಲ. ಎಲ್ಲಿ ಒದ್ದೆ ಇದೆಯೋ ಅಲ್ಲಿ ಸೋರುತ್ತಿದೆ ಅಂತ ಅರ್ಥ.

ಕೊಳ್ಳುವ ಜಾಗದಲ್ಲೇ ಐದು ನಿಮಿಷದ ಪರೀಕ್ಷೆ

ಸ್ಟಾರ್ಟರ್ ಹಿಡಿಯಿಂದ ಗರಗಸವನ್ನು ನಿಧಾನಕ್ಕೆ ಮೇಲೆತ್ತಿ, ಹಾಗೇ ತೂಗಲು ಬಿಡಿ. ಕೆಳಗೆ ಇನ್ನೊಂದು ಕೈ ಇರಲಿ. ಹಂತ ಹಂತವಾಗಿ, ತಡೆದು ತಡೆದು ಇಳಿದರೆ ಕಂಪ್ರೆಶನ್ (ಪಿಸ್ಟನ್ ಗಾಳಿಯನ್ನು ಒತ್ತುವ ಬಲ) ಇದೆ. ಸರ್ರನೆ ಜಾರಿದರೆ ಒಳಗೆ ಏನೋ ಸವೆದಿದೆ. ಅಲುಗಾಡದೇ ನೇತಾಡುತ್ತಿದ್ದರೆ ಸೀಜ್ ಆಗಿದೆ, ಅಂದರೆ ಪಿಸ್ಟನ್ ಕಚ್ಚಿಕೊಂಡಿದೆ.

ಸೈಲೆನ್ಸರ್‌ಗೆ ಸಾಮಾನ್ಯವಾಗಿ ಎರಡು-ಮೂರು ಬೋಲ್ಟ್ ಇರುತ್ತದೆ. ಮಾರುವವರು ಒಪ್ಪಿದರೆ ಅದನ್ನು ಬಿಚ್ಚಿ, ಟಾರ್ಚ್ ಹಿಡಿದು ಒಳಗಿನ ಪಿಸ್ಟನ್ ನೋಡಿ. ಪಿಸ್ಟನ್ ಮೈ ನುಣ್ಣಗೆ ಇದ್ದು, ತಯಾರಿಸುವಾಗಿನ ಸಣ್ಣ ಅಡ್ಡಗೆರೆಗಳು ಕಂಡರೆ ನಿಮ್ಮ ಅದೃಷ್ಟ. ಮೇಲಿಂದ ಕೆಳಕ್ಕೆ ಬೆಕ್ಕು ಪರಚಿದ ಹಾಗೆ ಗೀರುಗಳಿದ್ದರೆ ಅದು ಬಿಸಿಗೆ ಕಚ್ಚಿಕೊಂಡ ಇಂಜಿನ್. ಬೆಲೆ ಮಾತಾಡುವಾಗ ಅದನ್ನು ನೆನಪಿಡಿ.

ಇನ್ನೆರಡು ವಿಷಯ. ಮೈಯಲ್ಲಿ ಬಿರುಕು ಇದೆಯಾ, ಬೆಸುಗೆ ಹಾಕಿದ ಗುರುತು ಇದೆಯಾ ನೋಡಿ. ಯಾವ ಬೋಲ್ಟ್‌ನ ತಲೆ ಹಾಳಾಗಿದೆ ಅಂತಲೂ ನೋಡಿ. ಹಾಳಾದ ಬೋಲ್ಟ್ ತಲೆಗಳೆಂದರೆ ನಿಮಗಿಂತ ಮುಂಚೆ ಯಾರೋ ಒಳಗೆ ಕೈಹಾಕಿದ್ದಾರೆ, ತಾಳ್ಮೆ ಇಲ್ಲದೆ ಹಾಕಿದ್ದಾರೆ.

ಬಿಚ್ಚುವ ಮುಂಚೆ ಪತ್ತೇದಾರಿ

ಮನೆಗೆ ತಂದ ತಕ್ಷಣ ತೊಳೆಯಬೇಡಿ. ಮೊದಲು ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ಆಮೇಲೆ ಕಂಪ್ರೆಶನ್, ಕಿಡಿ, ಪೆಟ್ರೋಲ್, ಗಾಳಿ, ಈ ಕ್ರಮದಲ್ಲಿ ಹೋಗಿ. ಕ್ರಮ ತಪ್ಪಿದರೆ ಗುಡ್ಡ ಅಗೆದು ಇಲಿ ಹಿಡಿದ ಹಾಗಾಗುತ್ತದೆ. ಇಡೀ ಕಾರ್ಬುರೇಟರ್ ಬಿಚ್ಚಿ ಜೋಡಿಸಿದ ಮೇಲೆ, ತೊಂದರೆ ಇದ್ದದ್ದು ಆಫ್ ಸ್ವಿಚ್‌ನ ವೈರ್ ಮೈಗೆ ತಾಗುತ್ತಿದ್ದದ್ದು ಅಂತ ಗೊತ್ತಾದವರಲ್ಲಿ ನಾನೂ ಒಬ್ಬ.

ಕಂಪ್ರೆಶನ್ ಗೇಜ್ ಇದ್ದರೆ ಪ್ಲಗ್ ತೂತಿಗೆ ಹಾಕಿ, ಥ್ರಾಟಲ್ ಪೂರ್ತಿ ಒತ್ತಿ ಹಿಡಿದು ಏಳೆಂಟು ಸಲ ಎಳೆಯಿರಿ. 150 ಪಿಎಸ್‌ಐ ಹತ್ತಿರ ಬಂದರೆ ಭೇಷ್. 100ಕ್ಕಿಂತ ಕೆಳಗಿದ್ದರೆ ರಿಂಗ್ ಅಥವಾ ಸಿಲಿಂಡರ್ ಕೆಲಸ ಇದೆ. ಡಿಕಂಪ್ರೆಶನ್ ವಾಲ್ವ್ (ಹಗ್ಗ ಹಗುರಾಗಿ ಎಳೆಯಲು ಒತ್ತಡ ಬಿಡುವ ಬಟನ್) ಇರುವ ಮಾಡೆಲ್‌ನಲ್ಲಿ ಅದು ಮುಚ್ಚಿರಬೇಕು.

ಕಿಡಿ ನೋಡಲು ಪ್ಲಗ್ ಬಿಚ್ಚಿ, ಕ್ಯಾಪ್‌ಗೆ ಹಾಕಿ, ಅದರ ಲೋಹದ ಭಾಗ ಇಂಜಿನ್ ಮೈಗೆ ತಾಗುವಂತೆ ಇಟ್ಟು, ನೆರಳಲ್ಲಿ ಹಗ್ಗ ಎಳೆಯಿರಿ. ಪ್ಲಗ್ ಅನ್ನು ಅದರ ತೂತಿನಿಂದ ದೂರ ಇಡಿ. ಒಳಗೆ ಪೆಟ್ರೋಲ್ ಆವಿ ಇದ್ದರೆ ಅದು ಅಲ್ಲೇ ಹೊತ್ತಿಕೊಳ್ಳುತ್ತದೆ. ಕಿಡಿ ಇಲ್ಲವಾದರೆ ಮೊದಲು ಸ್ವಿಚ್‌ನ ವೈರ್ ಕಳಚಿ ಮತ್ತೊಮ್ಮೆ ನೋಡಿ. ಆಮೇಲೆ ಫ್ಲೈವೀಲ್ (ಮ್ಯಾಗ್ನೆಟ್ ಇರುವ, ಇಂಜಿನ್ ಜೊತೆ ತಿರುಗುವ ಚಕ್ರ) ಕಡೆ ಹೋಗಿ.

ಹಳೆಯವುಗಳಲ್ಲಿ ಫ್ಲೈವೀಲ್ ಕೆಳಗೆ ಪಾಯಿಂಟ್ (ಕಿಡಿಗಾಗಿ ತೆರೆದು ಮುಚ್ಚುವ ಲೋಹದ ಸಂಪರ್ಕ) ಮತ್ತು ಕಂಡೆನ್ಸರ್ ಇರುತ್ತವೆ. ವರ್ಷಗಟ್ಟಲೆ ನಿಂತ ಪಾಯಿಂಟ್ ಮೇಲೆ ಬೂದು ಪೊರೆ ಕಟ್ಟಿರುತ್ತದೆ, ಅಷ್ಟಕ್ಕೇ ಕಿಡಿ ನಿಲ್ಲುತ್ತದೆ. ನಯವಾದ ಎಮರಿ ಪೇಪರ್ ಒಮ್ಮೆ ಎಳೆದು, ಆಮೇಲೆ ಪುಡಿ ಉಳಿಯದಂತೆ ಒಣ ಕಾರ್ಡಿನ ತುಂಡು ಎರಡು ಸಲ ಎಳೆಯಿರಿ. ಪಾಯಿಂಟ್ ಗ್ಯಾಪ್ ಬಹಳಷ್ಟು ಮಾಡೆಲ್‌ಗಳಲ್ಲಿ 0.4 ಮಿ.ಮೀ. ಆಸುಪಾಸು. ಕಾಯಿಲ್ ಮತ್ತು ಫ್ಲೈವೀಲ್ ಮ್ಯಾಗ್ನೆಟ್ ನಡುವೆ 0.25ರಿಂದ 0.3 ಮಿ.ಮೀ. ಇದ್ದರೆ ಸಾಕು, ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ಬೋಲ್ಟ್ ಬಿಗಿ ಮಾಡಿದರೆ ಆಯಿತು. ನಿಮ್ಮ ಮಾಡೆಲ್‌ನ ಕೈಪಿಡಿ ಸಿಕ್ಕಿದರೆ ಅದರಲ್ಲಿರುವ ಅಂಕಿಯೇ ಅಂತಿಮ.

ಕ್ಲಚ್, ಫ್ಲೈವೀಲ್ ಮತ್ತು ಒಂದು ತುಂಡು ಹಗ್ಗ

ಇವೆರಡನ್ನೂ ಬಿಚ್ಚಲು ಇಂಜಿನ್ ತಿರುಗದಂತೆ ತಡೆಯಬೇಕು. ಅದಕ್ಕೆ ಪ್ಲಗ್ ತೂತಿನೊಳಗೆ ಸ್ಕ್ರೂಡ್ರೈವರ್ ತುರುಕುವವರಿದ್ದಾರೆ. ದಯವಿಟ್ಟು ಬೇಡ. ಪಿಸ್ಟನ್ ತಲೆಗೆ ತೂತು ಬೀಳುತ್ತದೆ. ಹಳೆ ಸ್ಟಾರ್ಟರ್ ಹಗ್ಗದ ತುಂಡು ತಗೊಳ್ಳಿ. ಪಿಸ್ಟನ್ ಮೇಲೆ ಬರುತ್ತಾ ಎಗ್ಸಾಸ್ಟ್ ಕಿಂಡಿಯನ್ನು ಮುಚ್ಚಿದ ಮೇಲೆ ಹಗ್ಗವನ್ನು ಒಳಗೆ ಇಳಿಸಿ. ಮುಂಚೆಯೇ ಇಳಿಸಿದರೆ ಹಗ್ಗ ಕಿಂಡಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆ. ಮೆತ್ತಗೆ ತಿರುಗಿಸಿದರೆ ಪಿಸ್ಟನ್ ಹಗ್ಗದ ಉಂಡೆಗೆ ಒತ್ತಿ ನಿಲ್ಲುತ್ತದೆ.

ಕ್ಲಚ್ ಬಹುಪಾಲು ಗರಗಸಗಳಲ್ಲಿ ಉಲ್ಟಾ ಥ್ರೆಡ್. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಬರುತ್ತಿಲ್ಲ ಅಂತ ಎಡಕ್ಕೆ ಉದ್ದ ಪೈಪ್ ಹಾಕಿ ಮೀಟಿದರೆ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ತುದಿ ಮುರಿಯಬಹುದು. ಫ್ಲೈವೀಲ್ ನಟ್ ಸಾಮಾನ್ಯ ಥ್ರೆಡ್. ನಟ್ ತೆಗೆದ ಮೇಲೂ ಫ್ಲೈವೀಲ್ ಬಿಗಿಯಾಗಿ ಕೂತಿರುತ್ತದೆ, ಎಳೆದು ಬಿಡಿಸುವ ಪುಲ್ಲರ್ ಬಳಸಿ. ರೆಕ್ಕೆಗಳಿಗೆ ಸುತ್ತಿಗೆ ತಾಗಿಸಬೇಡಿ.

ಬಾರದ ಸ್ಕ್ರೂಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ, ಆಮೇಲೆ ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಬಳಸಿ. ತುಕ್ಕಿನಿಂದ ಸೀಜ್ ಆದ ಇಂಜಿನ್‌ಗೂ ಇದೇ ನಿಯಮ. ಪ್ಲಗ್ ತೂತಿಗೆ ಎಣ್ಣೆ ಬಿಟ್ಟು ಎರಡು-ಮೂರು ದಿನ ಮರೆತುಬಿಡಿ. ಆಮೇಲೆ ಫ್ಲೈವೀಲ್ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಿ. ಹಗ್ಗ ಜಗ್ಗಿ ಬಿಡಿಸುತ್ತೇನೆ ಅಂತ ಹೋಗಬೇಡಿ.

ಬಿಚ್ಚಿದ ಸ್ಕ್ರೂಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ರಟ್ಟಿನ ಮೇಲೆ ಗರಗಸದ ಚಿತ್ರ ಒರಟಾಗಿ ಬರೆದು, ಆಯಾ ಜಾಗದಲ್ಲಿ ಆಯಾ ಸ್ಕ್ರೂ ಚುಚ್ಚಿಡಿ. ಉದ್ದ ಎರಡು ಮಿಲಿಮೀಟರ್ ಹೆಚ್ಚಿದ್ದರೂ ತಪ್ಪು ತೂತಿಗೆ ಹಾಕಿದರೆ ಕೆಳಗಿನ ಮೈ ಒಡೆಯುತ್ತದೆ.

ತೊಳೆಯುವಾಗ ಲೋಹ ಯಾವುದು ಅಂತ ನೋಡಿ

ಸೀಮೆಎಣ್ಣೆ, ಹಳೆ ಟೂತ್‌ಬ್ರಶ್, ಮರದ ಕಡ್ಡಿ. ಹೊರಗಿನ ಕೊಳೆಗೆ ಇಷ್ಟು ಸಾಕು. ಎಚ್ಚರ ಬೇಕಾಗಿರುವುದು ರಾಸಾಯನಿಕಗಳ ವಿಷಯದಲ್ಲಿ. ಹಳೆ ಗರಗಸಗಳ ಮೈ ಹೆಚ್ಚಾಗಿ ಮೆಗ್ನೀಸಿಯಂ, ಸಿಲಿಂಡರ್ ಅಲ್ಯೂಮಿನಿಯಂ. ವಿನೆಗರ್‌ನಂಥ ಹುಳಿ ಪದಾರ್ಥ ಮೆಗ್ನೀಸಿಯಂ ಅನ್ನು ನೊರೆ ಬರಿಸಿ ತಿನ್ನುತ್ತದೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ತುಕ್ಕು ಬಿಡಿಸಲು ವಿನೆಗರ್‌ನಲ್ಲಿ ನೆನೆಸುವುದಿದ್ದರೆ ಬರೀ ಉಕ್ಕಿನ ಭಾಗಗಳನ್ನು ಮಾತ್ರ ನೆನೆಸಿ.

ಮೆಗ್ನೀಸಿಯಂ ಮೈಯನ್ನು ಅರದಿಂದ ಉಜ್ಜಿದರೆ ಬೀಳುವ ಪುಡಿ ಬೆಂಕಿಗೆ ಸಿಕ್ಕರೆ ಕಣ್ಣು ಕೋರೈಸುವಂತೆ ಉರಿಯುತ್ತದೆ. ಅದರ ಮೇಲೆ ನೀರು ಹಾಕಿದರೆ ಇನ್ನೂ ಜಾಸ್ತಿ. ಪಕ್ಕದಲ್ಲಿ ಒಣ ಮರಳಿರಲಿ, ಗ್ರೈಂಡರ್ ಕಿಡಿ ಹತ್ತಿರ ಬಾರದಿರಲಿ. ಕೆರೆದು ತೆಗೆಯುವ ಹಳೆ ಗ್ಯಾಸ್ಕೆಟ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು ಕೆರೆಯಿರಿ.

ಗಾಳಿ ಲೀಕ್: ನಾನು ಕೈ ಸುಟ್ಟುಕೊಂಡ ಜಾಗ

ಟೂ-ಸ್ಟ್ರೋಕ್ ಇಂಜಿನ್‌ನಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಬರುವುದು ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸ್‌ಗೆ. ಅಲ್ಲಿ ಎಲ್ಲಾದರೂ ಸಣ್ಣ ಸಂದು ಇದ್ದರೆ ಕಾರ್ಬುರೇಟರ್ ಕೊಟ್ಟ ಲೆಕ್ಕ ಕೆಡುತ್ತದೆ. ಪಿಸ್ಟನ್‌ಗೆ ಸಿಗುವ ಆಯಿಲ್ ಕೂಡ ಆ ಪೆಟ್ರೋಲ್ ಜೊತೆಯೇ ಬರುವುದರಿಂದ, ಪೆಟ್ರೋಲ್ ಕಮ್ಮಿಯಾದರೆ ಎಣ್ಣೆಯೂ ಕಮ್ಮಿ, ಬಿಸಿ ಮಾತ್ರ ಜಾಸ್ತಿ. ಸದ್ದು ಏರುತ್ತಾ ಹೋಗುವುದು ಅದರ ಕೂಗು. ನಾನು ಅದನ್ನು ಹಾಡು ಅಂದುಕೊಂಡಿದ್ದೆ.

ಪರೀಕ್ಷೆ ಹೀಗೆ. ಸೈಲೆನ್ಸರ್ ಬಿಚ್ಚಿ, ಸೈಕಲ್ ಟ್ಯೂಬ್‌ನ ಒಂದು ತುಂಡು ಅಡ್ಡ ಇಟ್ಟು ಮತ್ತೆ ಬಿಗಿ ಮಾಡಿ. ಕಾರ್ಬುರೇಟರ್ ಕೂರುವ ಜಾಗಕ್ಕೂ ಹಾಗೇ ರಬ್ಬರ್ ಕೊಟ್ಟು ಮುಚ್ಚಿ. ಪಿಸ್ಟನ್ ಕೆಳಗೆ ಇಳಿಸಿ. ಪ್ಲಗ್ ತೂತಿನಿಂದ ಗೇಜ್ ಇರುವ ಕೈಪಂಪಿನಲ್ಲಿ ನಿಧಾನಕ್ಕೆ ಸುಮಾರು 0.5 ಬಾರ್ (ಒತ್ತಡದ ಅಳತೆ) ಗಾಳಿ ಕೊಡಿ. ಕಂಪ್ರೆಸರ್ ಬೇಡ, ಸೀಲ್ ಹಾರಿಹೋಗುತ್ತದೆ. ಮುಳ್ಳು ಅಲ್ಲೇ ನಿಂತರೆ ಸರಿ. ಇಳಿಯುತ್ತಿದ್ದರೆ ಸೋಪಿನ ನೀರನ್ನು ಬ್ರಶ್‌ನಲ್ಲಿ ಎರಡೂ ಕಡೆಯ ಸೀಲ್, ಸಿಲಿಂಡರ್ ಬುಡ, ಕ್ರ್ಯಾಂಕ್‌ಕೇಸ್ ಜೋಡಣೆ, ಇವುಗಳ ಮೇಲೆ ಹಚ್ಚಿ. ಗುಳ್ಳೆ ಬಂದ ಜಾಗದಲ್ಲಿ ಕಳ್ಳ ಸಿಕ್ಕಿದ. ಆಮೇಲೆ ಅದೇ ಪರೀಕ್ಷೆಯನ್ನು ಗಾಳಿ ಎಳೆಯುವ ವ್ಯಾಕ್ಯೂಮ್ ಪಂಪ್‌ನಲ್ಲೂ ಮಾಡಿ. ಒತ್ತಡಕ್ಕೆ ತಡೆಯುವ ಸೀಲ್ ಕೆಲವೊಮ್ಮೆ ಎಳೆತಕ್ಕೆ ತಡೆಯುವುದಿಲ್ಲ.

ಸೀಲ್ ಆ ಕಂಪನಿಯದೇ ಸಿಗುತ್ತಿಲ್ಲವಾ? ಒಳ ಅಳತೆ, ಹೊರ ಅಳತೆ, ದಪ್ಪ, ಮೂರನ್ನೂ ಕ್ಯಾಲಿಪರ್‌ನಲ್ಲಿ ತೆಗೆದು ಬೇರಿಂಗ್ ಮಾರುವ ಅಂಗಡಿಗೆ ಹೋಗಿ. ಬಹಳ ಸಲ ಸಿಗುತ್ತದೆ. ಬೇರಿಂಗ್‌ಗಳಿಗೂ ಅಷ್ಟೇ, ಅಂಚಿನ ಮೇಲೆ ಕೊರೆದಿರುವ ನಂಬರ್ ಸಾಕು. ಕ್ರ್ಯಾಂಕ್‌ಗೆ ಸಾಮಾನ್ಯವಾಗಿ ಸ್ವಲ್ಪ ಸಡಿಲ ಇರುವ ಸಿ3 ದರ್ಜೆಯದು ಬೇಕು.

ಸಿಲಿಂಡರ್ ಮೇಲೆ ಕಂಡದ್ದೆಲ್ಲ ಗೀರಲ್ಲ

ಸೀಜ್ ಆದ ಸಿಲಿಂಡರ್ ನೋಡಿ ಎಷ್ಟೋ ಜನ ಕೈಚೆಲ್ಲುತ್ತಾರೆ. ಆದರೆ ಕ್ರೋಮ್ ಅಥವಾ ನಿಕಾಸಿಲ್ ಲೇಪನ ಇರುವ ಸಿಲಿಂಡರ್‌ನಲ್ಲಿ ಕಾಣುವುದು ಹೆಚ್ಚಾಗಿ ಪಿಸ್ಟನ್‌ನಿಂದ ಕರಗಿ ಅಂಟಿದ ಅಲ್ಯೂಮಿನಿಯಂ. ಉಗುರಿನಿಂದ ಅಡ್ಡ ಎಳೆಯಿರಿ. ಉಗುರು ಉಬ್ಬಿಗೆ ತಾಗಿದರೆ ಅಂಟಿದ್ದು, ತಗ್ಗಿಗೆ ಸಿಕ್ಕಿದರೆ ಗೀರು. ಅಂಟಿದ್ದನ್ನು ನಯವಾದ ಎಮರಿ ಪೇಪರ್‌ನಲ್ಲಿ ತಾಳ್ಮೆಯಿಂದ ಉಜ್ಜಿ ತೆಗೆಯಬಹುದು. ಆಸಿಡ್ ಹಾಕಿ ಕರಗಿಸುವವರೂ ಇದ್ದಾರೆ. ಅದು ಕಿಂಡಿಗಳ ಅಂಚಿನ ಬರಿ ಅಲ್ಯೂಮಿನಿಯಂಗೆ ತಾಗಿದರೆ ಕಥೆ ಮುಗಿಯಿತು, ಹಾಗಾಗಿ ನಾನು ಉಜ್ಜುವುದೇ ಹೆಚ್ಚು. ಲೇಪನವೇ ಸಿಪ್ಪೆ ಎದ್ದಿದ್ದರೆ ಬೇರೆ ಸಿಲಿಂಡರ್ ಹುಡುಕಬೇಕು.

ಹೊಸ ಪಿಸ್ಟನ್ ಹಾಕುವಾಗ ತಲೆಯ ಮೇಲೆ ಬಾಣದ ಗುರುತಿದ್ದರೆ ಅದು ಎಗ್ಸಾಸ್ಟ್ ಕಡೆಗೆ ಇರಬೇಕು. ರಿಂಗ್ ತುದಿಗಳು ಅಲ್ಲಿರುವ ಸಣ್ಣ ಪಿನ್‌ಗೆ ಸರಿಯಾಗಿ ಕೂರಬೇಕು. ಪಿಸ್ಟನ್ ಪಿನ್‌ನ ಸರ್ಕ್ಲಿಪ್ (ಪಿನ್ ಜಾರದಂತೆ ಹಿಡಿಯುವ ತಂತಿ ಬಳೆ) ಹಳೆಯದನ್ನು ಮತ್ತೆ ಬಳಸಬೇಡಿ. ಹೊಸದಕ್ಕೆ ಖರ್ಚು ಏನೂ ಇಲ್ಲ, ಹಳೆಯದು ಬಿಚ್ಚಿಕೊಂಡರೆ ಇಂಜಿನ್ನೇ ಹೋಗುತ್ತದೆ.

ಗ್ಯಾಸ್ಕೆಟ್ ಸಿಗದಿದ್ದರೆ ನೀವೇ ಮಾಡಿ. ಗ್ಯಾಸ್ಕೆಟ್ ಹಾಳೆಯನ್ನು ಭಾಗದ ಮೇಲೆ ಇಟ್ಟು, ಅಂಚಿನ ಮೇಲೆ ಸಣ್ಣ ಸುತ್ತಿಗೆಯಿಂದ ಟಕಟಕ ತಟ್ಟುತ್ತಾ ಹೋಗಿ. ಅಚ್ಚು ಮೂಡುತ್ತದೆ, ಕತ್ತರಿಸಿಕೊಳ್ಳಿ. ಹಾಳೆಯ ದಪ್ಪ ಮಾತ್ರ ಹಳೆಯದರಷ್ಟೇ ಇರಲಿ.

ಕಾರ್ಬುರೇಟರ್

ತೀರಾ ಹಳೆಯವುಗಳಲ್ಲಿ ಫ್ಲೋಟ್ (ತೇಲುವ ಬುರುಡೆ) ಇರುವ ಕಾರ್ಬುರೇಟರ್ ಇತ್ತು. ಗರಗಸ ಅಡ್ಡ ಮಾಡಿದರೆ ಇಂಜಿನ್ ನಿಲ್ಲುತ್ತಿತ್ತು. ಹಾಗಾಗಿ ಬಾರ್ (ಚೈನ್ ಓಡುವ ಉದ್ದ ಪಟ್ಟಿ) ಮಾತ್ರ ತಿರುಗುವ ಹಾಗೆ ಮಾಡುತ್ತಿದ್ದರು. ಅದರ ಬದಲು ಡಯಾಫ್ರಾಮ್ ಅನ್ನುವ ತೆಳು ಪೊರೆ ಬಂದ ಮೇಲೆ ಯಾವ ಕಡೆ ವಾಲಿಸಿದರೂ ಓಡುವಂತಾಯಿತು. ಟಿಲೋಟ್ಸನ್, ವಾಲ್‌ಬ್ರೋ ಕಂಪನಿಗಳ ಹೆಸರು ಮೈಮೇಲೆ ಕಂಡರೆ ಸಮಾಧಾನ, ರಿಪೇರಿ ಕಿಟ್ ಇವತ್ತಿಗೂ ಸಿಗುತ್ತದೆ.

ಒಳಗಿನ ಡಯಾಫ್ರಾಮ್ ಬೆರಳಿನಿಂದ ಒತ್ತಿ ನೋಡಿ. ಒಳ್ಳೆಯದು ಸದ್ದಿಲ್ಲದೆ ಮಡಚುತ್ತದೆ. ಕೆಟ್ಟದ್ದು ಹಪ್ಪಳದ ಹಾಗೆ ಚಟಚಟ ಅನ್ನುತ್ತದೆ. ಕಿಟ್‌ನಲ್ಲಿರುವುದನ್ನೆಲ್ಲ ಬದಲಾಯಿಸಿ: ಎರಡು ಡಯಾಫ್ರಾಮ್, ಸೂಜಿ, ಜಾಲರಿ, ಗ್ಯಾಸ್ಕೆಟ್‌ಗಳು. ಸೂಜಿಯನ್ನು ಎತ್ತುವ ಪುಟ್ಟ ಲಿವರ್ ಬಹಳಷ್ಟು ಮಾಡೆಲ್‌ಗಳಲ್ಲಿ ಗುಂಡಿಯ ನೆಲಕ್ಕೆ ಸಮನಾಗಿ ಇರಬೇಕು. ಕೂದಲೆಳೆ ಎತ್ತರ ಹೆಚ್ಚಾದರೂ ಪೆಟ್ರೋಲ್ ಉಕ್ಕುತ್ತದೆ. ಸಣ್ಣ ತೂತುಗಳಿಗೆ ತಂತಿ ತುರುಕಬೇಡಿ, ಕ್ಲೀನರ್ ಸ್ಪ್ರೇ ಸಾಕು.

ಪೆಟ್ರೋಲ್ ಪೈಪ್ ಹೊಸದು ಹಾಕಿ. ಎಥನಾಲ್ ಬೆರೆಸಿದ ಪೆಟ್ರೋಲ್ ಹಳೆ ರಬ್ಬರ್‌ಗೆ ಆಗಿಬರುವುದಿಲ್ಲ. ಕ್ರ್ಯಾಂಕ್‌ಕೇಸ್‌ನಿಂದ ಕಾರ್ಬುರೇಟರ್‌ಗೆ ಬರುವ ಪಲ್ಸ್ ದಾರಿ ಕಟ್ಟಿಲ್ಲ ತಾನೇ? ಆ ಮಿಡಿತವೇ ಪೆಟ್ರೋಲ್ ಪಂಪ್ ಮಾಡುವುದು. ಹತ್ತು ನಿಮಿಷ ಓಡಿ ನಿಂತು, ಟ್ಯಾಂಕ್ ಮುಚ್ಚಳ ತೆಗೆದ ಕೂಡಲೇ ಮತ್ತೆ ಓಡಿದರೆ, ಮುಚ್ಚಳದ ಗಾಳಿ ತೂತು ಮುಚ್ಚಿದೆ ಅಂತ ಲೆಕ್ಕ.

ಎಣ್ಣೆಯ ಲೆಕ್ಕ, ಮೊದಲ ಓಟ

ಹಳೆ ಗರಗಸದ ಮೈಮೇಲೆ 16:1 ಅಂತ ಬರೆದಿದ್ದರೆ ಗಾಬರಿ ಬೇಡ. ಅದು ಆ ಕಾಲದ ದಪ್ಪ ಮೋಟಾರ್ ಆಯಿಲ್‌ನ ಲೆಕ್ಕ. ಈಗಿನ ಒಳ್ಳೆ ಟೂ-ಸ್ಟ್ರೋಕ್ ಆಯಿಲ್ ಇದ್ದರೆ ನಾನು 32:1 ಹಾಕುತ್ತೇನೆ, ಅಂದರೆ ಒಂದು ಲೀಟರ್ ಪೆಟ್ರೋಲ್‌ಗೆ 31 ಮಿ.ಲೀ. ಈಗಿನ ಗರಗಸಗಳ 50:1 ಅನ್ನು ಹಳೆಯದಕ್ಕೆ ಹಾಕಲು ನನಗೆ ಧೈರ್ಯ ಸಾಲದು. ಸ್ವಲ್ಪ ಹೊಗೆ ಬಂದರೆ ಬರಲಿ.

ಕಾರ್ಬುರೇಟರ್‌ನ ಎಲ್ (ಕಡಿಮೆ ವೇಗದ್ದು) ಮತ್ತು ಎಚ್ (ಹೆಚ್ಚು ವೇಗದ್ದು) ಸ್ಕ್ರೂ ಎರಡನ್ನೂ ಮೆತ್ತಗೆ ಕೊನೆವರೆಗೆ ಬಿಗಿ ಮಾಡಿ, ಒಂದೊಂದು ಸುತ್ತು ಹಿಂದಕ್ಕೆ ಬಿಡಿಸಿ. ಸ್ಟಾರ್ಟ್ ಆಗಲಿಕ್ಕೆ ಇಷ್ಟು ಸಾಕು. ಬಿಸಿಯಾದ ಮೇಲೆ ಎಲ್ ತಿರುಗಿಸುತ್ತಾ ಐಡಲ್ (ಥ್ರಾಟಲ್ ಒತ್ತದಾಗಿನ ವೇಗ) ಅತಿ ಹೆಚ್ಚು ಏರುವ ಜಾಗ ಹುಡುಕಿ, ಅಲ್ಲಿಂದ ಚೂರು ಬಿಡಿಸಿ. ಐಡಲ್ ಸ್ಕ್ರೂ ಚೈನ್ ತಿರುಗದಷ್ಟಕ್ಕೆ ಇಳಿಸಿ.

ಇನ್ನು ಎಚ್. ಇಲ್ಲಿ ಕಿವಿಯೇ ಮೀಟರ್. ಪೂರ್ತಿ ಥ್ರಾಟಲ್‌ನಲ್ಲಿ, ಮರಕ್ಕೆ ತಾಗಿಸದೆ ಎರಡು ಮೂರು ಸೆಕೆಂಡ್ ಹಿಡಿಯಿರಿ. ಸದ್ದು ಬುರ್‌ಬುರ್ ಅಂತ ತೊದಲಬೇಕು. ಮರಕ್ಕೆ ಇಟ್ಟ ಕೂಡಲೇ ಆ ತೊದಲು ಹೋಗಿ ಸದ್ದು ಒಂದೇ ಸಮ ಆಗಬೇಕು. ಗಾಳಿಯಲ್ಲೇ ಸಣ್ಣಗೆ ಕೀರಲು ದನಿ ಬಂದರೆ ಪೆಟ್ರೋಲ್ ಕಮ್ಮಿ, ತಕ್ಷಣ ಎಚ್ ಬಿಡಿಸಿ. ಮರದಲ್ಲೂ ತೊದಲುತ್ತಿದ್ದರೆ ಸ್ವಲ್ಪ ಬಿಗಿ ಮಾಡಿ. ಎಷ್ಟು ತಿರುಗಿಸಿದರೂ ಒಂದು ಕಡೆ ನಿಲ್ಲದೆ ಐಡಲ್ ಏರಿಳಿಯುತ್ತಿದ್ದರೆ, ಗರಗಸ ವಾಲಿಸಿದಾಗ ಸದ್ದು ಬದಲಾದರೆ, ನಿಲ್ಲಿಸಿ. ಗಾಳಿ ಲೀಕ್ ಇನ್ನೂ ಇದೆ. ಸ್ಕ್ರೂ ತಿರುಗಿಸಿ ಅದನ್ನು ಮುಚ್ಚಿಹಾಕಲು ಆಗದು.

ಬಾರ್ ಮತ್ತು ಚೈನ್

ಈಗಿನ ಚೈನ್‌ಗಳ ಬಾಗಿದ ಹಲ್ಲಿನ ವಿನ್ಯಾಸ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನದು. ಮರ ಕೊರೆಯುವ ದುಂಬಿಯ ಮರಿಹುಳು ಎಡಕ್ಕೂ ಬಲಕ್ಕೂ ದವಡೆ ಆಡಿಸುವುದನ್ನು ನೋಡಿ ಮಾಡಿದ್ದು. 1947ರಲ್ಲಿ ಅದಕ್ಕೆಂದೇ ಕಂಪನಿ ಶುರು ಮಾಡಿದ. ಅದಕ್ಕಿಂತ ಹಳೆಯ ಗೀರುಹಲ್ಲಿನ ಚೈನ್ ನಿಮಗೆ ಸಿಕ್ಕಿದ್ದರೆ ಕುಯ್ಯಲು ಬಳಸಬೇಡಿ, ಗೋಡೆಗೆ ನೇತುಹಾಕಿ.

ಹಳೆಯವುಗಳಲ್ಲಿ 1/2 ಇಂಚು, 7/16 ಇಂಚು ಪಿಚ್ (ಕೊಂಡಿಗಳ ಅಂತರದ ಅಳತೆ) ಚೈನ್ ಇರುತ್ತಿತ್ತು, ಈಗ ಹುಡುಕುವುದು ಕಷ್ಟ. ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲುಚಕ್ರ) ಬದಲಿಸಿ 0.404 ಅಥವಾ 3/8 ಇಂಚಿಗೆ ಬರುವುದೇ ಸುಲಭ. ಚೈನ್, ಸ್ಪ್ರಾಕೆಟ್, ಬಾರ್ ತುದಿಯ ಚಕ್ರ ಮೂರರ ಪಿಚ್ ಒಂದೇ ಇರಬೇಕು, ಚೈನ್ ದಪ್ಪ ಬಾರ್ ಅಂಚಿನ ತೋಡಿಗೆ ಹೊಂದಬೇಕು. 0.404 ಮತ್ತು 3/8 ಪಿಚ್‌ನ ದೊಡ್ಡ ಚೈನ್‌ಗಳಿಗೆ 5.5 ಮಿ.ಮೀ. ದುಂಡು ಅರ ನಡೆಯುತ್ತದೆ.

ಚೈನ್ ಎಣ್ಣೆ ಎಷ್ಟೋ ಹಳೆ ಮಾಡೆಲ್‌ಗಳಲ್ಲಿ ತಾನಾಗಿ ಬರುವುದಿಲ್ಲ. ಹೆಬ್ಬೆರಳಿನಿಂದ ಬಟನ್ ಒತ್ತುತ್ತಿರಬೇಕು. ಬಾರ್ ತುದಿಯನ್ನು ತಿಳಿ ಬಣ್ಣದ ಮರದ ಹತ್ತಿರ ಹಿಡಿದು ಥ್ರಾಟಲ್ ಕೊಟ್ಟರೆ ಎಣ್ಣೆಯ ಗೆರೆ ಬೀಳಬೇಕು.

ಓಡಿಸುವಾಗ ನೆನಪಿರಲಿ

ಚೈನ್ ಬ್ರೇಕ್ ಸಾಮಾನ್ಯವಾದದ್ದು 1970ರ ದಶಕದಿಂದ ಈಚೆಗೆ. ನಿಮ್ಮ ಗರಗಸಕ್ಕೆ ಅದಿಲ್ಲದಿದ್ದರೆ, ಬಾರ್ ತುದಿ ಮರಕ್ಕೆ ತಾಗಿ ಹಿಂದಕ್ಕೆ ಒದ್ದಾಗ ತಡೆಯುವವರು ಯಾರೂ ಇಲ್ಲ. ತುದಿಯಿಂದ ಕುಯ್ಯಲೇಬೇಡಿ. ಕಣ್ಣು, ಕಿವಿ, ಕಾಲಿಗೆ ರಕ್ಷಣೆ ಬೇಕು. ರಬ್ಬರ್ ಇಲ್ಲದ ಹಿಡಿಯ ನಡುಕಕ್ಕೆ ಬೆರಳು ಮರಗಟ್ಟುತ್ತದೆ, ಹಾಗಾಗಿ ಒಂದೆರಡು ದಿಮ್ಮಿ ಕುಯ್ದು ಇಟ್ಟುಬಿಡಿ. ಮರ ಉರುಳಿಸುವ ಕೆಲಸಕ್ಕೆ ಹೊಸ ಗರಗಸವೇ ಸರಿ ಅಲ್ವಾ?

ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರ್‌ನಲ್ಲಿ ಉಳಿದದ್ದು ಮುಗಿಯುವವರೆಗೆ ಓಡಿಸಿ. ಹಳೆ ಪೇಂಟ್, ಸ್ಟಿಕ್ಕರ್, ನಂಬರ್ ಪ್ಲೇಟ್ ಸವೆದಿದ್ದರೂ ಹಾಗೇ ಬಿಡಿ. ಸುಮ್ನೆ ಹೊಸ ಬಣ್ಣ ಬಳಿದರೆ ಅದು ಎಲ್ಲೆಲ್ಲಿ ದುಡಿದಿತ್ತು ಅನ್ನುವ ಗುರುತೇ ಅಳಿಸಿಹೋಗುತ್ತದೆ.

ಕೊನೆಗೆ ಹಿಡಿಗೆ ಒಂದು ರಟ್ಟಿನ ಚೀಟಿ ಕಟ್ಟಿ. ನನ್ನ ಆ ಮೊದಲ ಗರಗಸದ ಚೀಟಿಯಲ್ಲಿ ಹೀಗಿದೆ: ‘ನಿಂತದ್ದು ಕ್ಲಚ್ ಕಡೆ ಸೀಲ್‌ನಿಂದ. ಸೀಲ್ ಎರಡೂ ಹೊಸದು, ಪಿಸ್ಟನ್ ಹೊಸದು, ಸಿಲಿಂಡರ್ ಉಜ್ಜಿದ್ದು. 32:1. ಎಚ್ ಒಂದೂಕಾಲು ಸುತ್ತು. ಎಣ್ಣೆ ಬಟನ್ ಒತ್ತಲು ಮರೆಯಬೇಡಿ.’